ಪ್ರೆಶರ್ ವಾಷರಿನ ಪಂಪು: ಬದಲಿಸುವ ಮುನ್ನ ನೋಡಬೇಕಾದದ್ದು, ಬದಲಿಸುವಾಗ ಅಳೆಯಬೇಕಾದದ್ದು

ಕಾಪುವಿನ ಓದುಗರೊಬ್ಬರ ಪ್ರಶ್ನೆ: "ಮಳೆಗಾಲ ಮುಗಿದ ಮೇಲೆ ಇಂಟರ್‌ಲಾಕ್ ಅಂಗಳ, ತಾರಸಿ, ಪಾಗಾರಗಳ ಪಾಚಿ ತೊಳೆದುಕೊಡುವ ಕೆಲಸ ಮಾಡುತ್ತೇನೆ. ನನ್ನಲ್ಲಿರುವುದು 196 ಸಿಸಿ ಪೆಟ್ರೋಲ್ ಎಂಜಿನ್ನಿನ ಪ್ರೆಶರ್ ವಾಷರ್. ಎಂಜಿನ್ನಿನ ಮೇಲೆ 6.5 ಎಚ್‌ಪಿ ಎಂದು ಬರೆದಿದೆ. ಪಂಪು ನಿಮಿಷಕ್ಕೆ 10 ಲೀಟರಿನದು. ನಾಲ್ಕು ವರ್ಷ ಚೆನ್ನಾಗಿ ನಡೆಯಿತು. ಈ ಸಲ ಹೊರಗೆ ತೆಗೆದಾಗಿನಿಂದ ಗನ್ನಿನಲ್ಲಿ ನೀರು ಬಿಟ್ಟು ಬಿಟ್ಟು ಬರುತ್ತದೆ, ಮೊದಲಿನ ರಭಸವಿಲ್ಲ. ಪಂಪಿನ ಆಯಿಲ್ ಹಾಲು ಬೆರೆಸಿದ ಚಹಾದಂತೆ ಆಗಿದೆ, ಅಡಿಯಲ್ಲಿ ನೀರು ತೊಟ್ಟಿಕ್ಕುತ್ತದೆ. ಪಂಪು ಹೋಯಿತು, ಹೊಸದು ಹಾಕಿ ಎಂದು ಮೆಕ್ಯಾನಿಕ್ ಹೇಳಿದರು. ಆನ್‌ಲೈನಿನಲ್ಲಿ 250 ಬಾರ್, ನಿಮಿಷಕ್ಕೆ 15 ಲೀಟರಿನ ಪಂಪು ಸಿಗುತ್ತದೆ. ಕಾರು ತೊಳೆಯುವ ಸರ್ವಿಸ್ ಸ್ಟೇಷನ್ನಿನವರೊಬ್ಬರು ತಮ್ಮ ಹಳೆಯ ಪಂಪನ್ನು ಕಡಿಮೆಗೆ ಕೊಡುತ್ತೇನೆ ಎನ್ನುತ್ತಾರೆ. ಅಡಿಕೆ ತೋಟಕ್ಕೆ ಮದ್ದು ಬಿಡುವ ಎಚ್‌ಟಿಪಿ ಪಂಪನ್ನೇ ಜೋಡಿಸು ಎಂದು ನಮ್ಮ ಭಾವ ಹೇಳುತ್ತಾರೆ. ಯಾವುದನ್ನು ಆರಿಸಲಿ?"

ಉತ್ತರ: ಈ ಮೂರರಲ್ಲಿ ಯಾವುದನ್ನೂ ಈಗಲೇ ಕೊಳ್ಳಬೇಡಿ. ನೀವು ಹೇಳಿರುವ ಲಕ್ಷಣಗಳೆಲ್ಲ ಪಂಪಿನ ಕಡೆಗೇ ಬೆರಳು ತೋರಿಸುವಂತೆ ಕಾಣುತ್ತವೆ ನಿಜ. ಆದರೆ ಅವುಗಳಲ್ಲಿ ಒಂದಾದರೂ ಪಂಪಿನ ಹೊರಗಿನ ಕಾರಣದಿಂದ ಬಂದಿರಬಹುದು, ಉಳಿದವು ಪಂಪನ್ನು ಉಳಿಸಿಕೊಂಡೇ ಸರಿಪಡಿಸಬಹುದಾದವೂ ಆಗಿರಬಹುದು. ಅರ್ಧ ದಿನದ ಪರೀಕ್ಷೆಯಲ್ಲಿ ಇದು ತೀರ್ಮಾನವಾಗುತ್ತದೆ. ಅದಕ್ಕೆ ಬೇಕಾದದ್ದು 20 ಲೀಟರಿನ ಒಂದು ಬಕೆಟ್, ಒಂದು ಗಡಿಯಾರ, ಸಾಧ್ಯವಾದರೆ ಒಂದು ಪ್ರೆಶರ್ ಗೇಜ್.

ಮೊದಲು ಒಂದು ವಿಷಯವನ್ನು ಮನಸ್ಸಿಗೆ ತಂದುಕೊಳ್ಳಬೇಕು, ಏಕೆಂದರೆ ಮುಂದಿನ ಎಲ್ಲ ಮಾತೂ ಅದರ ಮೇಲೆಯೇ ನಿಂತಿದೆ. ಪಂಪು ಒತ್ತಡವನ್ನು ತಯಾರಿಸುವುದಿಲ್ಲ. ಒಂದು ಸುತ್ತಿಗೆ ಇಷ್ಟು ನೀರು ಎಂದು ಅಳೆದಂತೆ ಅದು ಮುಂದೆ ತಳ್ಳುತ್ತದೆ, ಅಷ್ಟೆ. ಹಾಗೆ ತಳ್ಳಲ್ಪಟ್ಟ ನೀರು ನೋಜಲಿನ ಕಿರಿದಾದ ತೂತಿನಲ್ಲಿ ದಾರಿ ಸಾಲದೆ ಇಕ್ಕಟ್ಟಿಗೆ ಸಿಲುಕಿದಾಗ ಒತ್ತಡ ಹುಟ್ಟುತ್ತದೆ. ಆದ್ದರಿಂದ ಒತ್ತಡ ಕಡಿಮೆಯಾಯಿತು ಎಂದರೆ ಮೂರೇ ಸಾಧ್ಯತೆಗಳು: ಪಂಪಿಗೆ ಬೇಕಾದಷ್ಟು ನೀರು ಬರುತ್ತಿಲ್ಲ, ಬಂದ ನೀರನ್ನು ಪಂಪು ಪೂರ್ತಿ ತಳ್ಳುತ್ತಿಲ್ಲ, ಅಥವಾ ತಳ್ಳಿದ ನೀರು ನೋಜಲಿನ ಇಕ್ಕಟ್ಟನ್ನು ತಪ್ಪಿಸಿಕೊಂಡು ಬೇರೆ ದಾರಿಯಲ್ಲಿ ಹೋಗುತ್ತಿದೆ.

ಮೊದಲ ಸಾಧ್ಯತೆಯಿಂದ ಆರಂಭಿಸಿ. ವಾಷರಿಗೆ ಜೋಡಿಸುವ ಪೈಪನ್ನು ಕಳಚಿ ಅದರ ತುದಿಯನ್ನು ಬಕೆಟ್ಟಿಗೆ ಹಿಡಿಯಿರಿ. ನಿಮಿಷಕ್ಕೆ 10 ಲೀಟರ್ ತಳ್ಳುವ ಪಂಪಿಗೆ ಅದಕ್ಕಿಂತ ಕಾಲು ಭಾಗವಾದರೂ ಹೆಚ್ಚು, ಅಂದರೆ ನಿಮಿಷಕ್ಕೆ 12.5 ಲೀಟರ್ ನೀರು ಒದಗಬೇಕು. 20 ಲೀಟರಿನ ಬಕೆಟ್ ಸುಮಾರು ಒಂದೂವರೆ ನಿಮಿಷದೊಳಗೆ ತುಂಬದಿದ್ದರೆ ದೋಷ ಅಲ್ಲಿಯೇ ಇದೆ. ನಮ್ಮ ಕಡೆಯ ಮನೆಗಳಲ್ಲಿ ತಾರಸಿಯ ಟ್ಯಾಂಕಿನಿಂದ ಅರ್ಧ ಇಂಚಿನ ತೋಟದ ಪೈಪನ್ನು ಎಳೆದು ವಾಷರಿಗೆ ಕೊಡುವುದು ರೂಢಿ. ಟ್ಯಾಂಕು 5 ಮೀಟರ್ ಎತ್ತರದಲ್ಲಿದ್ದರೆ ಕೆಳಗೆ ಸಿಗುವ ಒತ್ತಡ ಸುಮಾರು ಅರ್ಧ ಬಾರ್ ಮಾತ್ರ. 15 ಮೀಟರ್ ಉದ್ದದ ಅರ್ಧ ಇಂಚಿನ ಪೈಪಿನಲ್ಲಿ ನಿಮಿಷಕ್ಕೆ 12 ಲೀಟರ್ ಹರಿಸಲು ಹೊರಟರೆ ಆ 5 ಮೀಟರಿನಲ್ಲಿ ಸುಮಾರು 4 ಮೀಟರಿನಷ್ಟು ಪೈಪಿನ ಒಳಗೋಡೆಯ ತಿಕ್ಕಾಟದಲ್ಲೇ ಕಳೆದುಹೋಗುತ್ತದೆ. ಅದೇ ಉದ್ದದ ಮುಕ್ಕಾಲು ಇಂಚಿನ ಪೈಪಿನಲ್ಲಿ ಆ ನಷ್ಟ ಸರಿಸುಮಾರು ಏಳರಲ್ಲೊಂದು ಭಾಗಕ್ಕೆ ಇಳಿಯುತ್ತದೆ. ನೀವು ಊರೂರು ಸುತ್ತಿ ಬೇರೆ ಬೇರೆ ಮನೆಗಳ ನಲ್ಲಿಗೆ ವಾಷರ್ ಜೋಡಿಸುವವರಾದ್ದರಿಂದ, ಒಂದು ಮನೆಯಲ್ಲಿ ಚೆನ್ನಾಗಿ ನಡೆದ ಯಂತ್ರ ಇನ್ನೊಂದು ಮನೆಯಲ್ಲಿ ಏಕೆ ತುಡಿಯುತ್ತದೆ ಎಂಬುದಕ್ಕೆ ಹಲವು ಸಲ ಇದೇ ಉತ್ತರವಾಗಿರುತ್ತದೆ. ನಿಮ್ಮದೇ ಒಂದು ದೊಡ್ಡ ಡ್ರಮ್ಮನ್ನು ಪಂಪಿಗಿಂತ ಎತ್ತರದಲ್ಲಿಟ್ಟು, ದಪ್ಪನೆಯ ಗಿಡ್ಡ ಪೈಪಿನಿಂದ ನೀರು ಕೊಡುವ ಅಭ್ಯಾಸ ಮಾಡಿಕೊಂಡರೆ ಈ ಅನುಮಾನವೇ ಉಳಿಯುವುದಿಲ್ಲ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ವರ್ಷಗಳ ಹಿಂದೆ ಸುರತ್ಕಲ್ ಬಳಿಯ ಒಂದು ಮನೆಯ ವಾಷರಿಗೆ ನಾನೇ ಹೊಸ ಪಂಪು ಹಾಕಿಸಿದ್ದೆ. ಹಾಕಿದ ಮೇಲೂ ನೀರು ಮೊದಲಿನಂತೆಯೇ ತುಡಿಯಿತು. ಕೊನೆಗೆ ನೋಡಿದರೆ ನೀರು ಬರುವ ಪೈಪಿನ ಒಳಪದರ ಎದ್ದು ಬಂದು, ಪಂಪು ಎಳೆದಾಗಲೆಲ್ಲ ಬಾಗಿಲಿನಂತೆ ಮುಚ್ಚಿಕೊಳ್ಳುತ್ತಿತ್ತು. ಹೊರಗಿನಿಂದ ಆ ಪೈಪು ಹೊಸದರಂತೆಯೇ ಇತ್ತು. ಆ ಮನೆಯವರು ಪಂಪಿಗೆ ಕೊಟ್ಟ ಹಣ ಅನಗತ್ಯವಾಗಿತ್ತು, ಅದಕ್ಕೆ ನಾನೇ ಹೊಣೆ. ಅಂದಿನಿಂದ ಪೈಪು, ಒಳಬಾಯಿಯ ಜಾಲರಿ, ಕಪ್ಲಿಂಗಿನ ಒಳಗಿನ ರಬ್ಬರ್ ರಿಂಗ್ ಇವನ್ನು ನೋಡದೆ ಪಂಪಿನ ಬೋಲ್ಟಿಗೆ ನಾನು ಕೈ ಹಾಕುವುದಿಲ್ಲ. ಬೋರ್‌ವೆಲ್ ನೀರಿನಲ್ಲಿ ಕಬ್ಬಿಣದ ಅಂಶ ಹೆಚ್ಚಿರುವ ಕಡೆ ಒಳಬಾಯಿಯ ಜಾಲರಿಗೆ ಕಿತ್ತಳೆ ಬಣ್ಣದ ಲೋಳೆ ಮೆತ್ತಿಕೊಳ್ಳುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದರೆ ಹೋಗುತ್ತದೆ.

ನೀರು ಸಾಕಷ್ಟು ಬರುತ್ತಿದೆ ಎಂದಾದರೆ ಎರಡನೆಯ ಪರೀಕ್ಷೆಗೆ ಬನ್ನಿ. ಸೋಪಿಗೆಂದು ಕೊಡುವ ದೊಡ್ಡ ತೂತಿನ ಕಪ್ಪು ನೋಜಲನ್ನು ಹಾಕಿ, ಎಂಜಿನ್ನನ್ನು ಪೂರ್ತಿ ಥ್ರಾಟಲಿನಲ್ಲಿ ಓಡಿಸಿ, ಹೊರಬರುವ ನೀರನ್ನು ಬಕೆಟ್ಟಿಗೆ ಬಿಡಿ. 10 ಲೀಟರಿನ ಪಂಪು ಸರಿಯಿದ್ದರೆ ಬಕೆಟ್ ಎರಡು ನಿಮಿಷದಲ್ಲಿ ತುಂಬುತ್ತದೆ. ನಿಮ್ಮ ಪಂಪಿನಲ್ಲಿ ಮೂರು ಪ್ಲಂಜರುಗಳು, ಅಂದರೆ ಹಿಂದೆ ಮುಂದೆ ಚಲಿಸಿ ನೀರನ್ನು ತಳ್ಳುವ ದಂಡಗಳು, ಇರುವ ಸಂಭವ ಹೆಚ್ಚು. ಅವುಗಳಲ್ಲಿ ಒಂದು ಕೆಲಸ ನಿಲ್ಲಿಸಿದ್ದರೆ ನೀರು ಮೂರರಲ್ಲಿ ಎರಡು ಪಾಲಿಗೆ ಇಳಿದು, ಬಕೆಟ್ ತುಂಬಲು ಮೂರು ನಿಮಿಷ ಬೇಕಾಗುತ್ತದೆ. ನೀರು ಬಿಟ್ಟು ಬಿಟ್ಟು ಬರುತ್ತದೆ ಎಂದು ನೀವು ಬರೆದಿದ್ದೀರಿ. ಅದರ ಜೊತೆಗೆ ಈ ಮೂರು ನಿಮಿಷದ ಲೆಕ್ಕವೂ ಹೊಂದಿದರೆ ದೋಷ ಬಹುತೇಕ ಒಂದು ವಾಲ್ವಿನಲ್ಲಿದೆ, ಪಂಪು ಹೋಗಿಲ್ಲ.

ಪ್ರತಿ ಪ್ಲಂಜರಿಗೂ ನೀರು ಒಳಬರಲು ಒಂದು, ಹೊರಹೋಗಲು ಒಂದು, ಹೀಗೆ ಒಟ್ಟು ಆರು ಸಣ್ಣ ವಾಲ್ವುಗಳು ಪಂಪಿನ ತಲೆಯಲ್ಲಿ ದೊಡ್ಡ ಬೋಲ್ಟಿನಂತಹ ಮುಚ್ಚಳಗಳ ಕೆಳಗೆ ಕುಳಿತಿರುತ್ತವೆ. ಒಂದು ಮರಳಿನ ಕಾಳು, ಪೈಪಿನ ರಬ್ಬರಿನ ಒಂದು ಚೂರು, ಅಥವಾ ಮಳೆಗಾಲವಿಡೀ ನಿಂತ ನೀರು ಬಿಟ್ಟುಹೋದ ಕಿಲುಬು ಸಾಕು, ವಾಲ್ವು ಅರ್ಧ ತೆರೆದೇ ಉಳಿಯುತ್ತದೆ. ಪ್ಲಂಜರ್ ಆಗ ಅದೇ ನೀರನ್ನು ಹಿಂದಕ್ಕೂ ಮುಂದಕ್ಕೂ ತಳ್ಳುತ್ತಿರುತ್ತದೆ. ಎಂಜಿನ್ ನಿಲ್ಲಿಸಿ, ನೀರು ಬಂದ್ ಮಾಡಿ, ಗನ್ ಒತ್ತಿ ಒಳಗಿನ ಒತ್ತಡವನ್ನು ಪೂರ್ತಿ ಬಿಟ್ಟ ಮೇಲೆ ಮುಚ್ಚಳಗಳನ್ನು ಒಂದೊಂದಾಗಿ ತೆಗೆಯಿರಿ. ಒಂದನ್ನು ತೆಗೆದು ನೋಡಿ ಮರಳಿ ಹಾಕಿದ ಮೇಲೆಯೇ ಮುಂದಿನದಕ್ಕೆ ಹೋದರೆ ಬಿಡಿಭಾಗಗಳು ಬೆರೆತುಹೋಗುವುದಿಲ್ಲ. ವಾಲ್ವನ್ನು ಮೊನಚು ಮೂಗಿನ ಇಕ್ಕಳದಿಂದ ಎತ್ತಿ, ಒಂದು ಮರದ ಕಡ್ಡಿಯಿಂದ ಒತ್ತಿ ಬಿಡಿ. ಸ್ಪ್ರಿಂಗ್ ಚುರುಕಾಗಿ ಹಿಂದೆ ಪುಟಿಯಬೇಕು. ಅಂಟಿಕೊಂಡಿದ್ದರೆ ತೊಳೆಯಿರಿ, ಕೂರುವ ಅಂಚು ಕಚ್ಚಿಹೋಗಿದ್ದರೆ ಆರನ್ನೂ ಒಟ್ಟಿಗೆ ಬದಲಿಸಿ. ವಾಲ್ವ್ ಕಿಟ್ ಹೊಸ ಪಂಪಿನ ಬೆಲೆಯ ಸಣ್ಣದೊಂದು ಪಾಲು ಮಾತ್ರ.

ಕಪ್ಪು ನೋಜಲಿನಲ್ಲಿ ಬಕೆಟ್ ಎರಡೇ ನಿಮಿಷಕ್ಕೆ ತುಂಬಿಯೂ ಕೆಲಸದ ನೋಜಲ್ ಹಾಕಿದಾಗ ರಭಸವಿಲ್ಲದಿದ್ದರೆ ಮೂರನೆಯ ಸಾಧ್ಯತೆಯನ್ನು ನೋಡಬೇಕು. ಇಲ್ಲಿ ಹೆಚ್ಚಿನವರು ಮರೆಯುವುದು ನೋಜಲಿನ ಸವೆತವನ್ನು. ನೋಜಲಿನ ಬಣ್ಣ ನೀರು ಎಷ್ಟು ಅಗಲವಾಗಿ ಹರಡುತ್ತದೆ ಎಂಬುದನ್ನು ತಿಳಿಸುತ್ತದೆ: ಕೆಂಪು 0 ಡಿಗ್ರಿ, ಹಳದಿ 15, ಹಸಿರು 25, ಬಿಳಿ 40. ತೂತಿನ ಗಾತ್ರವನ್ನು ತಿಳಿಸುವುದು ಅದರ ಮೇಲೆ ಕೆತ್ತಿರುವ 03, 035, 04 ಎಂಬ ಅಂಕಿ. 4000 ಪಿಎಸ್‌ಐ ಒತ್ತಡದಲ್ಲಿ (ಸುಮಾರು 276 ಬಾರ್) ಆ ತೂತಿನಿಂದ ನಿಮಿಷಕ್ಕೆ ಎಷ್ಟು ಅಮೆರಿಕನ್ ಗ್ಯಾಲನ್ ನೀರು ಹಾದುಹೋಗುತ್ತದೆ ಎಂಬುದೇ ಆ ಅಂಕಿಯ ಅರ್ಥ. 035 ಎಂದರೆ ಮೂರೂವರೆ ಗ್ಯಾಲನ್. ನಿಮ್ಮ ಪಂಪಿನ 10 ಲೀಟರ್ ಎಂದರೆ ಸುಮಾರು 2.64 ಗ್ಯಾಲನ್. ಲೆಕ್ಕ ಹಾಕಿದರೆ ಅದು 035 ನೋಜಲಿನಲ್ಲಿ ಸುಮಾರು 157 ಬಾರ್ ಒತ್ತಡ ಕೊಡುತ್ತದೆ, 04 ನೋಜಲಿನಲ್ಲಿ ಸುಮಾರು 120 ಬಾರ್ ಮಾತ್ರ. ಅಂದರೆ ಮರಳು ಬೆರೆತ ಬಾವಿ ನೀರಿನಲ್ಲಿ ವರ್ಷಗಟ್ಟಲೆ ದುಡಿದ 035 ನೋಜಲಿನ ತೂತು ಕಣ್ಣಿಗೆ ಕಾಣದಷ್ಟು ಹಿಗ್ಗಿ 04ರ ಗಾತ್ರಕ್ಕೆ ಬಂದರೆ, ಪಂಪಿನಲ್ಲಿ ಯಾವ ದೋಷವೂ ಇಲ್ಲದೆ ಸುಮಾರು ಕಾಲು ಭಾಗ ಒತ್ತಡ ಮಾಯವಾಗುತ್ತದೆ. ಬೇರೇನನ್ನೂ ಮಾಡುವ ಮೊದಲು ಒಂದು ಹೊಸ ನೋಜಲ್ ಹಾಕಿ ನೋಡಿ.

ನೋಜಲ್ ಬದಲಿಸಿದರೂ ಒತ್ತಡ ಬಾರದಿದ್ದರೆ ಅನ್‌ಲೋಡರ್ ವಾಲ್ವನ್ನು ಪರೀಕ್ಷಿಸಿ. ಗನ್ನನ್ನು ಬಿಟ್ಟಾಗ ಪಂಪು ತಳ್ಳುವ ನೀರಿಗೆ ಹೊರದಾರಿ ಇರುವುದಿಲ್ಲ. ಆಗ ಆ ನೀರನ್ನು ಪಂಪಿನ ಒಳಬಾಯಿಗೇ ತಿರುಗಿಸಿ ಕಳುಹಿಸುವುದು ಇದರ ಕೆಲಸ. ಇದು ಅಂಟಿಕೊಂಡು ಅರ್ಧ ತೆರೆದೇ ಉಳಿದರೆ, ಗನ್ ಒತ್ತಿದಾಗಲೂ ಒಂದಿಷ್ಟು ನೀರು ನೋಜಲಿಗೆ ಹೋಗದೆ ಒಳಗೇ ಸುತ್ತುತ್ತಿರುತ್ತದೆ. ನಿಮ್ಮ ಪಂಪಿನಲ್ಲಿ ನೀರು ಹಿಂದಿರುಗುವ ಆ ದಾರಿ ಹೊರಗಿನ ಪೈಪಿನ ಮೂಲಕ ಇದ್ದರೆ ಪರೀಕ್ಷೆ ಸುಲಭ: ಪೈಪಿನ ತುದಿಯನ್ನು ಬಕೆಟ್ಟಿಗೆ ಇಳಿಸಿ, ಅದು ಕಳಚಿದ ಜಾಗದ ಬಾಯನ್ನು ಮುಚ್ಚಿ, ಗನ್ ಒತ್ತಿ ಹಿಡಿಯಿರಿ. ಗನ್ ಒತ್ತಿರುವಾಗ ಅಲ್ಲಿ ನೀರು ಸುರಿಯಬಾರದು. ಸುರಿದರೆ ಅನ್‌ಲೋಡರನ್ನು ಬಿಚ್ಚಿ, ಪಿಸ್ಟನ್ನನ್ನು ತೊಳೆದು, ರಬ್ಬರ್ ರಿಂಗುಗಳನ್ನು ಬದಲಿಸಿ, ನೀರಿಗೆ ತಡೆಯುವ ಸಿಲಿಕೋನ್ ಗ್ರೀಸ್ ಹಚ್ಚಿ ಜೋಡಿಸಿ. ಅದರ ತಲೆಯ ಸ್ಕ್ರೂವನ್ನು ಬಿಗಿ ಮಾಡುತ್ತ ಹೋದರೆ ಒತ್ತಡ ಏರುತ್ತಲೇ ಹೋಗುತ್ತದೆ ಎಂಬ ನಂಬಿಕೆ ನಮ್ಮ ಕಡೆ ಬಲವಾಗಿ ಬೇರೂರಿದೆ, ಮತ್ತು ಅದು ಬಹಳ ಪಂಪುಗಳನ್ನು ಹಾಳುಮಾಡಿದೆ. ನೋಜಲ್ ಎಷ್ಟು ಒತ್ತಡ ಕೊಡಬಲ್ಲದೋ ಅಷ್ಟನ್ನು ಮುಟ್ಟಿದ ಮೇಲೆ ಸ್ಕ್ರೂ ಬಿಗಿ ಮಾಡಿದರೆ ಗನ್ನಿನಲ್ಲಿ ಏನೂ ಹೆಚ್ಚುವುದಿಲ್ಲ. ಗನ್ ಬಿಟ್ಟ ಕ್ಷಣ ಪಂಪಿನ ಒಳಗೆ ಬಡಿಯುವ ಒತ್ತಡ ಮಾತ್ರ ಹೆಚ್ಚುತ್ತದೆ, ಆ ಪೆಟ್ಟನ್ನು ಪ್ಲಂಜರಿನ ಸುತ್ತ ನೀರು ಸೋರದಂತೆ ತಡೆಯುವ ಸೀಲುಗಳೂ ವಾಲ್ವುಗಳೂ ತಿನ್ನುತ್ತವೆ.

ಕಿವಿಯನ್ನೂ ಬಳಸಿ. ಗನ್ ಒತ್ತಿದಾಗ ಎಂಜಿನ್ನಿನ ಸದ್ದು ಭಾರವಾಗದೆ ಹಾಗೆಯೇ ಇದ್ದರೆ ಪಂಪು ಹೊರೆಯನ್ನೇ ಎತ್ತಿಕೊಳ್ಳುತ್ತಿಲ್ಲ ಎಂದರ್ಥ. ಸದ್ದು ಕುಗ್ಗಿ ಎಂಜಿನ್ ನಿಲ್ಲುವಂತಾದರೆ ದೋಷ ಎಂಜಿನ್ನಿನದಿರಬಹುದು. ಮಳೆಗಾಲದ ನಾಲ್ಕು ತಿಂಗಳು ಟ್ಯಾಂಕಿನಲ್ಲೇ ಉಳಿದ, ಎಥನಾಲ್ ಬೆರೆತ ಪೆಟ್ರೋಲು ಗಾಳಿಯ ತೇವವನ್ನು ಹೀರಿಕೊಂಡು ಕಾರ್ಬ್ಯುರೇಟರನ್ನು ಕೆಡಿಸುತ್ತದೆ. ಅಂತಹ ಎಂಜಿನ್ ಪೂರ್ತಿ ವೇಗಕ್ಕೆ ಏರದಿದ್ದರೆ ಪಂಪು ತಳ್ಳುವ ನೀರೂ ಅಷ್ಟೇ ಕಡಿಮೆಯಾಗುತ್ತದೆ.

ಇನ್ನು ಹಾಲಿನ ಬಣ್ಣಕ್ಕೆ ತಿರುಗಿದ ಆಯಿಲಿನ ವಿಷಯ. ನೀರು ಬೆರೆತಿರುವುದು ನಿಶ್ಚಯ, ಆದರೆ ಅದು ಎಲ್ಲಿಂದ ಬಂತು ಎಂಬುದು ನಿಶ್ಚಯವಲ್ಲ. ಆಷಾಢ, ಶ್ರಾವಣದ ನಮ್ಮ ಗಾಳಿಯಲ್ಲಿ ಬಳಸದೆ ಇಟ್ಟ ಪಂಪಿನ ಒಳಗೋಡೆಯ ಮೇಲೆ ತೇವ ಇಳಿದು ಆಯಿಲಿಗೆ ಬೆರೆಯುವುದುಂಟು. ಆದ್ದರಿಂದ ಹಳೆಯ ಆಯಿಲನ್ನು ಪೂರ್ತಿ ಇಳಿಸಿ, ಕೈಪಿಡಿಯಲ್ಲಿ ಹೇಳಿದ ದರ್ಜೆಯ ಹೊಸ ಆಯಿಲ್ ತುಂಬಿ, ಒಂದೆರಡು ಗಂಟೆ ಕೆಲಸ ಮಾಡಿದ ಮೇಲೆ ಮತ್ತೆ ನೋಡಿ. ತಿಳಿಯಾಗಿಯೇ ಇದ್ದರೆ ಅದು ಹವೆಯ ತೇವ. ಮತ್ತೆ ಬಿಳಿಚಿಕೊಂಡರೆ ನೀರಿನ ಸೀಲುಗಳು ಸವೆದಿವೆ. ಅಡಿಯ ತೊಟ್ಟು ಎಲ್ಲಿಂದ ಬೀಳುತ್ತದೆ ಎಂಬುದೂ ಇದಕ್ಕೆ ಸಾಕ್ಷಿ ಹೇಳುತ್ತದೆ. ಪಂಪಿನ ಹಿತ್ತಾಳೆಯ ತಲೆಗೂ ಆಯಿಲ್ ಇರುವ ಭಾಗಕ್ಕೂ ನಡುವಿನ ಸಂದಿಯಿಂದ ನೀರು ಬಿದ್ದರೆ ಅದು ಸೀಲಿನ ಸವೆತ. ಗನ್ ಬಿಟ್ಟು ಹಲವು ನಿಮಿಷ ಎಂಜಿನ್ ಓಡಿದಾಗ ಮಾತ್ರ ಬಿಸಿ ನೀರು ಹೊರಬಂದರೆ ಅದು ದೋಷವೇ ಅಲ್ಲ. ಒಳಗೇ ಸುತ್ತುವ ನೀರು ಸುಮಾರು 60 ಡಿಗ್ರಿಗೆ ಕಾದಾಗ ತೆರೆದುಕೊಳ್ಳುವ ಥರ್ಮಲ್ ವಾಲ್ವು ತನ್ನ ಕೆಲಸ ಮಾಡುತ್ತಿದೆ, ಅಷ್ಟೆ. ಅದು ತೆರೆಯುವವರೆಗೂ ಕಾಯದೆ, ಎರಡು ಮೂರು ನಿಮಿಷಕ್ಕಿಂತ ಹೆಚ್ಚು ಹೊತ್ತು ಗನ್ ಬಿಡುವುದಿದ್ದರೆ ಎಂಜಿನ್ ನಿಲ್ಲಿಸಿಬಿಡಿ.

ಸೀಲು ಹೋಗಿದೆ ಎಂದು ಖಚಿತವಾದಾಗ ರಿಪೇರಿಯೋ ಹೊಸದೋ ಎಂಬ ಪ್ರಶ್ನೆ ಬರುತ್ತದೆ. ಇದಕ್ಕೆ ಉತ್ತರ ನಿಮ್ಮ ಪಂಪಿನ ಜಾತಿಯನ್ನು ಅವಲಂಬಿಸಿದೆ. ಅಗ್ಗದ ಯಂತ್ರಗಳಲ್ಲಿ ಓರೆಯಾದ ತಟ್ಟೆಯೊಂದು ತಿರುಗಿ ಸ್ಪ್ರಿಂಗ್ ಇರುವ ಪ್ಲಂಜರುಗಳನ್ನು ಒತ್ತುವ ಅಕ್ಷೀಯ ಪಂಪುಗಳಿರುತ್ತವೆ. ಅವುಗಳಲ್ಲೂ ತೀರ ಸಣ್ಣವನ್ನು ಬಿಚ್ಚಲಾಗದಂತೆ ಮುಚ್ಚಿಯೇ ಮಾಡಿರುತ್ತಾರೆ. ಅವುಗಳ ಮೇಲೆ ಕೂಲಿ ಖರ್ಚು ಮಾಡುವುದು ವ್ಯರ್ಥ. ಕ್ರ್ಯಾಂಕ್‌ಶಾಫ್ಟ್ ಮತ್ತು ಕನೆಕ್ಟಿಂಗ್ ರಾಡ್ ಇರುವ, ಸೆರಾಮಿಕ್ ಪ್ಲಂಜರಿನ ಟ್ರಿಪ್ಲೆಕ್ಸ್ ಪಂಪು ಇದ್ದರೆ ಮಾತ್ರ ಸೀಲ್ ಕಿಟ್ ಹಾಕುವುದು ಸಾರ್ಥಕ. ಅದರಲ್ಲೂ ಮೊದಲು ಪ್ಲಂಜರುಗಳ ಮೇಲೆ ಉಗುರು ಆಡಿಸಿ ನೋಡಿ. ಗೀರು ಅಥವಾ ಬಿರುಕು ಉಗುರಿಗೆ ತಗುಲಿದರೆ ಹೊಸ ಸೀಲನ್ನೂ ಅದು ಕೆಲವೇ ವಾರಗಳಲ್ಲಿ ಕತ್ತರಿಸಿ ಹಾಕುತ್ತದೆ. ರಿಪೇರಿಯ ಒಟ್ಟು ಖರ್ಚು ಹೊಸದರ ಅರ್ಧವನ್ನು ಮೀರಿದರೆ ಹೊಸದನ್ನೇ ಕೊಳ್ಳುವುದು ಲೇಸು ಎಂಬುದು ನನ್ನ ಅಭಿಪ್ರಾಯ. ನೀವು ಇದರಿಂದಲೇ ಸಂಪಾದನೆ ಮಾಡುವವರಾದ್ದರಿಂದ, ಅಕ್ಷೀಯ ಪಂಪಿನ ಜಾಗಕ್ಕೆ ಮತ್ತೊಂದು ಅಕ್ಷೀಯ ಪಂಪನ್ನು ತರುವ ಬದಲು ಈ ಸಲ ಟ್ರಿಪ್ಲೆಕ್ಸಿಗೆ ಹೋಗಿ ಎಂದೂ ಹೇಳುತ್ತೇನೆ. ಬೆಲೆ ಹೆಚ್ಚು, ತೂಕವೂ ಹೆಚ್ಚು, ಆದರೆ ಬಾಳಿಕೆಯಲ್ಲಿ ಎರಡಕ್ಕೂ ಹೋಲಿಕೆಯೇ ಇಲ್ಲ. ಇಟಲಿಯ ಅನ್ನೋವಿ ರೆವೆರ್ಬೆರಿ, ಇಂಟರ್‌ಪಂಪ್, ಕಾಮೆಟ್ ಮುಂತಾದ ತಯಾರಕರ ಪಂಪುಗಳಲ್ಲಿ ಮಾದರಿಯ ಸಂಖ್ಯೆಯನ್ನು ತಗಡಿನ ಮೇಲೆ ಅಚ್ಚೊತ್ತಿರುತ್ತಾರೆ. ಆ ಸಂಖ್ಯೆಯಿಂದಲೇ ಕಿಟ್ ಹುಡುಕಬಹುದು.

ಈಗ ನೀವು ಕೇಳಿದ ಮೂರು ಆಯ್ಕೆಗಳಿಗೆ ಬರೋಣ. ಆನ್‌ಲೈನಿನ 250 ಬಾರ್ ಪಂಪಿಗೆ ಎಷ್ಟು ಶಕ್ತಿ ಬೇಕು ಎಂಬುದನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ನಿಮಿಷದ ಲೀಟರನ್ನು ಬಾರಿನಿಂದ ಗುಣಿಸಿ 600ರಿಂದ ಭಾಗಿಸಿದರೆ ನೀರಿಗೆ ಬೇಕಾದ ಕಿಲೋವಾಟ್ ಸಿಗುತ್ತದೆ. ಪಂಪಿನೊಳಗಿನ ನಷ್ಟಕ್ಕಾಗಿ ಅದನ್ನು 0.85ರಿಂದ ಮತ್ತೆ ಭಾಗಿಸಬೇಕು. 15 ಲೀಟರ್, 250 ಬಾರಿಗೆ ಇದು ಸುಮಾರು 7.35 ಕಿಲೋವಾಟ್ ಆಗುತ್ತದೆ. ನಿಮ್ಮ ಎಂಜಿನ್ನಿನಲ್ಲಿ ಅದರ ಹತ್ತಿರದ ಶಕ್ತಿಯೂ ಇಲ್ಲ. ಅದೇ 196 ಸಿಸಿಯ ಹೋಂಡಾ ಜಿಎಕ್ಸ್ 200 ಎಂಜಿನ್ನನ್ನು ಹಿಂದೆ 6.5 ಎಚ್‌ಪಿ ಎಂದು ಕರೆಯುತ್ತಿದ್ದರು. ಈಗ ಅದರ ನಿವ್ವಳ ಶಕ್ತಿಯನ್ನು ನಿಮಿಷಕ್ಕೆ 3600 ಸುತ್ತಿನಲ್ಲಿ 4.1 ಕಿಲೋವಾಟ್, ಅಂದರೆ 5.5 ಎಚ್‌ಪಿ ಎಂದು ಕೊಡುತ್ತಾರೆ. ನಿಮ್ಮ ಎಂಜಿನ್ನೂ ಅಷ್ಟೇ ಎಂದು ಇಟ್ಟುಕೊಂಡರೆ 10 ಲೀಟರ್, 175 ಬಾರಿನ ಕೆಲಸಕ್ಕೆ ಸುಮಾರು 3.4 ಕಿಲೋವಾಟ್ ಬೇಕಾಗುತ್ತದೆ, ಸ್ವಲ್ಪ ಉಸಿರೂ ಉಳಿಯುತ್ತದೆ. ಅದೇ ಪಂಪಿಗೆ 03 ನೋಜಲ್ ಹಾಕಿದರೆ ಒತ್ತಡ 214 ಬಾರಿಗೆ ಏರಲು ಹೊರಟು 4.2 ಕಿಲೋವಾಟ್ ಕೇಳುತ್ತದೆ. ಆದ್ದರಿಂದ ನಿಮಗೆ ಬೇಕಾದದ್ದು 200 ಬಾರ್ ತಾಳಬಲ್ಲ, 10 ಲೀಟರ್ ಆಸುಪಾಸಿನ, 3400 ಸುತ್ತಿನ ಪಂಪು ಮತ್ತು 035 ನೋಜಲ್. ಇಂಟರ್‌ಲಾಕ್ ಇಟ್ಟಿಗೆಗೂ ಮುರಕಲ್ಲಿಗೂ ಇದಕ್ಕಿಂತ ಹೆಚ್ಚಿನ ಒತ್ತಡ ಬೇಕಿಲ್ಲ. ಮುರಕಲ್ಲನ್ನಂತೂ ಹಳದಿ ನೋಜಲಿನಿಂದ ಹತ್ತಿರ ಹಿಡಿದು ತೊಳೆದರೆ ಪಾಚಿಯ ಜೊತೆ ಕಲ್ಲೂ ಉದುರುತ್ತದೆ.

ಸುತ್ತಿನ ಮಾತು ಬಂದದ್ದರಿಂದ ಸರ್ವಿಸ್ ಸ್ಟೇಷನ್ನಿನ ಪಂಪಿನ ವಿಷಯ ಹೇಳುತ್ತೇನೆ. ಆ ಪಂಪುಗಳು ಸಾಮಾನ್ಯವಾಗಿ ವಿದ್ಯುತ್ ಮೋಟಾರಿಗೆಂದು, ನಿಮಿಷಕ್ಕೆ 1450 ಸುತ್ತಿಗೆ ಮಾಡಿದವು. ನಿಮ್ಮ ಎಂಜಿನ್ ನೇರವಾಗಿ ತಿರುಗಿಸುವುದು ಸುಮಾರು 3400 ಸುತ್ತಿನಲ್ಲಿ. ನೇರವಾಗಿ ಜೋಡಿಸಿದರೆ ಪಂಪು ಎರಡು ಪಟ್ಟಿಗಿಂತ ಹೆಚ್ಚು ನೀರನ್ನು ತಳ್ಳಲು ಹೆಣಗಿ, ಕಾದು, ಬೇಗನೆ ಕೈಕೊಡುತ್ತದೆ. ಅದು ಒಳ್ಳೆಯ ಟ್ರಿಪ್ಲೆಕ್ಸ್ ಆಗಿದ್ದರೆ ಬೆಲ್ಟ್ ಮೂಲಕ ಓಡಿಸಬಹುದು: ಎಂಜಿನ್ನಿಗೆ 100 ಮಿಲಿಮೀಟರಿನ ಪುಲ್ಲಿ, ಪಂಪಿಗೆ ಸುಮಾರು 235 ಮಿಲಿಮೀಟರಿನ ಪುಲ್ಲಿ ಹಾಕಿದರೆ ಸುತ್ತು ಸರಿಹೊಂದುತ್ತದೆ. ಹೊಸ ಚೌಕಟ್ಟು, ಬೆಲ್ಟಿನ ಮುಚ್ಚಳ ಇವೆಲ್ಲ ಬೇಕಾಗುವುದರಿಂದ ಕಡಿಮೆಗೆ ಸಿಕ್ಕ ಲಾಭ ಅಲ್ಲಿಗೆ ತೀರಿಹೋಗುತ್ತದೆ.

ಎಚ್‌ಟಿಪಿ ಪಂಪು ಈ ಕೆಲಸಕ್ಕೆ ಆಗುವುದಿಲ್ಲ. ಅದೂ ಮೂರು ಪಿಸ್ಟನ್ನಿನದೇ, ನೋಡಲು ಗಟ್ಟಿಮುಟ್ಟಾಗಿಯೂ ಇದೆ. ಆದರೆ ಅಡಿಕೆಮರದ ಕೊನೆಗೆ ಮದ್ದು ಮುಟ್ಟಿಸಲು ಬೇಕಾದ 20ರಿಂದ 40 ಬಾರ್ ಒತ್ತಡಕ್ಕೆ, ಸಾವಿರದ ಆಸುಪಾಸಿನ ಸುತ್ತಿಗೆ ಮಾಡಿದ್ದು. ಅದನ್ನು 150 ಬಾರಿಗೆ ಏರಿಸಲು ಹೋದರೆ ತಲೆಯೋ ಪೈಪೋ ಒಡೆಯಬಹುದು, ಪಕ್ಕದಲ್ಲಿ ನಿಂತಿರುವವರು ನೀವು. ಇದರ ತಿರುಗುಮುರುಗು ತಪ್ಪನ್ನೂ ಮಾಡಬೇಡಿ: ವಾಷರಿನ ಪಂಪಿನಲ್ಲಿ ಬೋರ್ಡೋ ದ್ರಾವಣ ಬಿಡಬಾರದು. ಅದರಲ್ಲಿರುವ ಸುಣ್ಣದ ಕಣಗಳು ಸೀಲುಗಳನ್ನೂ ವಾಲ್ವುಗಳನ್ನೂ ಅರದಂತೆ ಉಜ್ಜಿ ಮುಗಿಸುತ್ತವೆ.

ಹೊಸ ಪಂಪನ್ನು ಆರಿಸುವಾಗ ಶಕ್ತಿಯ ಲೆಕ್ಕದಷ್ಟೇ, ಎಂಜಿನ್ನಿನಿಂದ ಹೊರಚಾಚಿ ಪಂಪಿನ ತೂತಿನಲ್ಲಿ ಕೂತು ಅದನ್ನು ತಿರುಗಿಸುವ ಶಾಫ್ಟಿನ ಅಳತೆಯೂ ಮುಖ್ಯ. ಈ ಗಾತ್ರದ ಎಂಜಿನ್ನುಗಳಲ್ಲಿ ಮುಕ್ಕಾಲು ಇಂಚಿನ, ಅಂದರೆ 19.05 ಮಿಲಿಮೀಟರಿನ ಶಾಫ್ಟ್ ಒಂದು ಬಗೆ. ಸರಿಯಾಗಿ 20 ಮಿಲಿಮೀಟರಿನದು ಇನ್ನೊಂದು. ಕಣ್ಣಳತೆಗೆ ಎರಡೂ ಒಂದೇ. ಮುಕ್ಕಾಲು ಇಂಚಿನ ತೂತಿಗೆ 20 ಮಿಲಿಮೀಟರಿನ ಶಾಫ್ಟ್ ಹೋಗುವುದೇ ಇಲ್ಲ, ಅದರಿಂದ ಹಾನಿಯಿಲ್ಲ. ಅಪಾಯವಿರುವುದು ತದ್ವಿರುದ್ಧವಾದಾಗ: 20ರ ತೂತಿಗೆ 19.05ರ ಶಾಫ್ಟ್ ಸಲೀಸಾಗಿ ಕುಳಿತು, ನಡುಗುತ್ತ ತಿರುಗಿ, ಕೆಲವೇ ದಿನಗಳಲ್ಲಿ ಶಾಫ್ಟನ್ನೂ ಪಂಪನ್ನೂ ಜೋಡಿಸುವ ಕೀಯನ್ನೂ ಅದು ಕೂರುವ ತೋಡನ್ನೂ ತಿಂದುಹಾಕುತ್ತದೆ. ವರ್ನಿಯರ್‌ನಿಂದಲೇ ಅಳೆಯಿರಿ. ಶಾಫ್ಟಿನ ಉದ್ದ ಪಂಪಿನ ತೂತಿನ ಆಳಕ್ಕಿಂತ ಕಡಿಮೆಯಿರಬೇಕು. ಇಲ್ಲವಾದರೆ ಬೋಲ್ಟ್ ಬಿಗಿದಾಗ ಶಾಫ್ಟಿನ ತುದಿ ಪಂಪಿನ ಬೇರಿಂಗನ್ನು ಸದಾ ತಳ್ಳುತ್ತಿರುತ್ತದೆ. ಎಂಜಿನ್ನಿನ ಮುಖಕ್ಕೆ ಒಂದು ದಪ್ಪ ಕಾಗದವನ್ನು ಒತ್ತಿ ನಾಲ್ಕು ಬೋಲ್ಟಿನ ತೂತುಗಳ ಗುರುತು ತೆಗೆದು, ಹಳೆಯ ಪಂಪನ್ನೂ ಆ ಕಾಗದವನ್ನೂ ಅಂಗಡಿಗೆ ಒಯ್ಯಿರಿ. ಅನ್‌ಲೋಡರ್ ಪಂಪಿನೊಡನೆ ಬರುತ್ತದೆಯೇ ಎಂದು ಕೇಳಿ. ಹೊರಬಾಯಿಯ ಎಂ22 ಕಪ್ಲಿಂಗಿನಲ್ಲಿ ಒಳಗಿನ ಕೊಳವೆ 14 ಮಿಲಿಮೀಟರಿನದು, 15ರದು ಎಂದು ಎರಡು ಬಗೆಗಳಿವೆ. ಎಳೆ ಎರಡಕ್ಕೂ ಒಂದೇ ಆದ್ದರಿಂದ ತಪ್ಪಾದದ್ದೂ ಸಿಕ್ಕಿಕೊಳ್ಳುತ್ತದೆ, ಆಮೇಲೆ ಸೋರುತ್ತದೆ.

ಹಳೆಯ ಪಂಪನ್ನು ಬಿಡಿಸುವುದು ಕಡಲ ಬದಿಯವರಿಗೆ ಎಲ್ಲಕ್ಕಿಂತ ಕಷ್ಟದ ಕೆಲಸ. ನಾಲ್ಕು ವರ್ಷದ ಉಪ್ಪುಗಾಳಿಯಲ್ಲಿ ಶಾಫ್ಟೂ ಪಂಪಿನ ತೂತೂ ತುಕ್ಕಿನಿಂದ ಒಂದಾಗಿರುತ್ತವೆ. ಇಲ್ಲಿ ಸುತ್ತಿಗೆಯನ್ನು ಮರೆತುಬಿಡಿ. ಪಂಪಿನ ಮೇಲೆ ಬೀಳುವ ಪ್ರತಿ ಪೆಟ್ಟೂ ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟಿನ ಬೇರಿಂಗಿಗೆ ಹೋಗಿ ಮುಟ್ಟುತ್ತದೆ. ಪಂಪು ಬಿಡಿಸಲು ಹೋಗಿ ಎಂಜಿನ್ ಕಳೆದುಕೊಂಡವರನ್ನು ನಾನು ಕಂಡಿದ್ದೇನೆ. ಬೋಲ್ಟುಗಳನ್ನು ತೆಗೆದು, ಸಂದಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ. ಮರುದಿನ ಎಂಜಿನ್ನಿಗೂ ಪಂಪಿಗೂ ನಡುವೆ ಎದುರುಬದುರಾಗಿ ಎರಡು ಚಪ್ಪಟೆ ಆಪುಗಳನ್ನು (ಬೆಣೆಗಳನ್ನು) ಇಟ್ಟು, ಎರಡೂ ಕಡೆ ಸಮವಾಗಿ, ತುಸು ತುಸುವಾಗಿ ಒತ್ತುತ್ತ ಬನ್ನಿ. ಬಾರದಿದ್ದರೆ ಮತ್ತೆ ಎಣ್ಣೆ, ಮತ್ತೆ ಒಂದು ರಾತ್ರಿ. ಹೊಸದನ್ನು ಕೂರಿಸುವ ಮುನ್ನ ಶಾಫ್ಟನ್ನು ನಯವಾದ ಎಮರಿ ಕಾಗದದಿಂದ ಉಜ್ಜಿ, ತುಕ್ಕು ಹಿಡಿಯದಂತೆ ತಡೆಯುವ ಆ್ಯಂಟಿ ಸೀಜ್ ಲೇಪವನ್ನು ತೆಳುವಾಗಿ ಹಚ್ಚಿ. ಮುಂದಿನ ಸಲ ಈ ಎರಡು ರಾತ್ರಿಗಳು ಉಳಿಯುತ್ತವೆ. ಪಂಪು ಕೈಯ ಒತ್ತಿಗೆ ಪೂರ್ತಿ ಒಳಗೆ ಹೋಗಬೇಕು. ಬೋಲ್ಟಿನ ಬಲದಿಂದ ಅದನ್ನು ಎಳೆದು ಕೂರಿಸಬಾರದು.

ಎಂಜಿನ್ ಚಾಲೂ ಮಾಡುವ ಮೊದಲು ಪಂಪಿನ ಆಯಿಲ್ ಮುಚ್ಚಳವನ್ನು ನೋಡಿ. ಹಲವು ಪಂಪುಗಳು ಸಾಗಾಟಕ್ಕೆಂದು ಗಾಳಿಯಾಡದ ಮುಚ್ಚಳದೊಡನೆ ಬರುತ್ತವೆ. ಜೊತೆಯ ಪೊಟ್ಟಣದಲ್ಲಿರುವ ಗಾಳಿರಂಧ್ರದ ಮುಚ್ಚಳವನ್ನು ಅದರ ಜಾಗಕ್ಕೆ ಹಾಕದಿದ್ದರೆ ಒಳಗಿನ ಗಾಳಿ ಕಾದು ಹಿಗ್ಗಿ ಆಯಿಲ್ ಸೀಲನ್ನು ಹೊರತಳ್ಳುತ್ತದೆ. ಬಳಿಕ ನೀರು ಬಿಟ್ಟು, ಗನ್ ಒತ್ತಿ ಹಿಡಿದು, ಗಾಳಿಯ ಗುಳ್ಳೆಗಳಿಲ್ಲದೆ ನೀರು ಒಂದೇ ಸಮನೆ ಬರುವವರೆಗೂ ಕಾದು, ಆಮೇಲೆ ಎಂಜಿನ್ ಎಳೆಯಿರಿ. ಒಂದು ನಿಮಿಷ ಒಣದಾಗಿ ಓಡಿದರೂ ಸೀಲು ಸುಟ್ಟುಹೋಗಬಹುದು. ಅನ್‌ಲೋಡರಿನ ಸ್ಕ್ರೂವನ್ನು ಸಡಿಲದಿಂದ ಆರಂಭಿಸಿ, ಗೇಜ್ ನೋಡುತ್ತ ಬಿಗಿ ಮಾಡಿ, ಮುಳ್ಳು ಏರುವುದು ನಿಂತಲ್ಲಿ ನಿಲ್ಲಿಸಿ. ಸೋರಿಕೆ ಹುಡುಕಲು ಚಾಲೂ ಇರುವ ಪಂಪಿನ ಅಥವಾ ಪೈಪಿನ ಮೇಲೆ ಬರಿಗೈ ಆಡಿಸಲೇಬೇಡಿ. ಸೂಜಿಮೊನೆಯಷ್ಟು ತೂತಿನಿಂದ ಬರುವ ಇಂತಹ ನೀರು ಚರ್ಮವನ್ನು ಸೀಳಿ ಒಳಹೋಗುತ್ತದೆ. ಹೊರಗೆ ಸಣ್ಣ ಗಾಯವಷ್ಟೇ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಿ, ಹೆಚ್ಚಿನ ಒತ್ತಡದ ನೀರು ತಗುಲಿದೆ ಎಂದೇ ವೈದ್ಯರಿಗೆ ತಿಳಿಸಬೇಕು.

ವಿದೇಶಿ ಕೈಪಿಡಿಗಳಲ್ಲಿ ಚಳಿಗಾಲದಲ್ಲಿ ಪಂಪಿನೊಳಗೆ ನೀರು ಹೆಪ್ಪುಗಟ್ಟದಂತೆ ಏನು ಮಾಡಬೇಕೆಂದು ಪುಟಗಟ್ಟಲೆ ಬರೆದಿರುತ್ತಾರೆ. ನಮಗೆ ಅದು ಬೇಕಿಲ್ಲ, ನಮ್ಮ ಶತ್ರು ಉಪ್ಪು ಮತ್ತು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವ. ಮಲ್ಪೆಯಲ್ಲಿಯೋ ಮಂಗಳೂರಿನ ಧಕ್ಕೆಯಲ್ಲಿಯೋ ದೋಣಿ ತೊಳೆಯುವ ಕೆಲಸ ಬಂದರೂ ಕಡಲಿನ ನೀರನ್ನು ಈ ಪಂಪಿಗೆ ಕೊಡಬೇಡಿ. ಅದಕ್ಕೆಂದೇ ಬೇರೆ ಲೋಹದಲ್ಲಿ ಮಾಡಿದ ಪಂಪುಗಳಿವೆ. ಕೆಲಸ ಮುಗಿದ ಪ್ರತಿ ದಿನ ಎರಡು ನಿಮಿಷ ಸಿಹಿನೀರು ಹಾಯಿಸಿ, ಎಂಜಿನ್ ನಿಲ್ಲಿಸಿದ ಮೇಲೆ ಗನ್ ಒತ್ತಿ ಒತ್ತಡ ಬಿಡಿ. ಮಳೆಗಾಲಕ್ಕೆ ಎತ್ತಿಡುವಾಗ ಪೆಟ್ರೋಲ್ ಖಾಲಿ ಮಾಡಿ, ಪಂಪಿನ ಒಳಬಾಯಿಯಿಂದ ಪಂಪು ರಕ್ಷಕ ದ್ರಾವಣವನ್ನು ತುಂಬಿ, ನೆಲದಿಂದ ಎತ್ತರದಲ್ಲಿ, ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತದೆ ಗಾಳಿಯಾಡುವಂತೆ ಇಡಿ. ತಿಂಗಳಿಗೊಮ್ಮೆ ಎಂಜಿನ್ನಿನ ಹಗ್ಗವನ್ನು ಮೆಲ್ಲನೆ ಎಳೆದು ಪಂಪನ್ನು ಒಂದೆರಡು ಸುತ್ತು ತಿರುಗಿಸಿದರೆ ಸೀಲುಗಳು ಪ್ಲಂಜರಿಗೆ ಅಂಟಿಕೊಳ್ಳುವುದಿಲ್ಲ. ಹೊಸ ಪಂಪಿನ ಮೊದಲ ಆಯಿಲನ್ನು 50 ಗಂಟೆಗೆ ಬದಲಿಸಿ, ಹಾಗೆ ಇಳಿಸಿದ ಆಯಿಲನ್ನು ಒಂದು ಗಾಜಿನ ಲೋಟದಲ್ಲಿ ಹಿಡಿದು ಬೆಳಕಿಗೆ ನೋಡಿ. ಬಣ್ಣ ಮತ್ತೆ ಬಿಳಿಚಿದ್ದರೆ ಪಂಪನ್ನು ಕೊಂಡ ಅಂಗಡಿಗೆ, ವಾರಂಟಿಯ ಅವಧಿಯೊಳಗೇ, ಆ ಲೋಟದ ಸಮೇತ ಒಯ್ದು ತೋರಿಸಿ.